ಒಡೆದ ಚರ್ಮಕ್ಕೆ ಹಾಲಿನ ಕೆನೆ

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ, ಆರಿದ್ರ ಮಳೆ ಹೊಡೆಯುತ್ತಿದ್ದಾಗ, ತಂಗಿಯ ನಾಲ್ಕು ತಿಂಗಳ ಮಗುವಿಗೆ ಇಸಬು ಶುರುವಾಯಿತು. ಕೆನ್ನೆ ಕೆಂಪಾಗಿ ನೀರು ಜಿನುಗುತ್ತಿತ್ತು. ರಾತ್ರಿಯಿಡೀ ಅಳು. ನೋಡಲು ಬಂದವರದ್ದೆಲ್ಲ ಒಂದೇ ಮಾತು: "ನಂಜು ಕಣೇ, ಬಾಯಿ ಕಟ್ಟು." ತಂಗಿ ಬದನೆ, ಹಲಸು, ಶೇಂಗಾ ಬಿಟ್ಟಳು. ಆಮೇಲೆ ಹಾಲು ಮೊಸರೂ ಹೋಯಿತು. ಬಾಣಂತಿ ಎರಡು ತಿಂಗಳು ಗಂಜಿಯಲ್ಲೇ ಕಳೆದಳು. ಇಸಬು ಹಾಗೇ ಇತ್ತು. ಅತ್ತ ಮಗುವಿನ ಒಡೆದ ಚರ್ಮಕ್ಕೆ ನಾವೇ ದಿನಾ ಹಾಲಿನ ಕೆನೆ, ಕಡಲೆಹಿಟ್ಟು ತಿಕ್ಕುತ್ತಿದ್ದೆವು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ನಂಜು ಅನ್ನೋದು ಸುಳ್ಳಲ್ಲ. ಹಾಲು, ಮೊಟ್ಟೆ, ಗೋಧಿ, ಶೇಂಗಾ ಕೆಲವು ಮಕ್ಕಳ ಇಸಬನ್ನು ಕೆರಳಿಸುತ್ತವೆ. ತಿಂದು ಎರಡು ಗಂಟೆಯೊಳಗೆ ಗಂಧೆ ಎದ್ದರೆ, ತುಟಿ ಊದಿದರೆ ಅದು ದೇಹದ ರಕ್ಷಣಾ ಪಡೆಯ ಮಾಸ್ಟ್ ಕೋಶಗಳ ಕೆಲಸ. ಐಜಿಇ ಅನ್ನೋ ಪ್ರತಿಕಾಯ ಅವುಗಳ ಮೈಮೇಲೆ ಕಾದು ಕೂತಿರುತ್ತದೆ. ಆಹಾರದ ಪ್ರೋಟೀನ್ ತಗುಲಿದ ಕೂಡಲೇ ತುರಿಕೆ, ಊತ ತರುವ ಹಿಸ್ಟಮಿನ್ ಹೊರಬೀಳುತ್ತದೆ. ಇಸಬನ್ನು ಕೆರಳಿಸುವ ಟಿ ಕೋಶಗಳು, ಅವೂ ರಕ್ಷಣಾ ಪಡೆಯವೇ, ನಿಧಾನ. ಆರೇಳು ಗಂಟೆಯಿಂದ ಎರಡು ದಿನವೂ ಹಿಡಿಯುತ್ತದೆ. ನಾವೋ, ಸಂಜೆ ಮಗು ಕೆರೆದುಕೊಂಡರೆ ಮಧ್ಯಾಹ್ನದ ಊಟವನ್ನು ಬೈಯುತ್ತೇವೆ!

ಹೊಟ್ಟೆಗೆ ಹೋದ ಆಹಾರಕ್ಕೆ ಟಿ ಕೋಶ ಚರ್ಮದಲ್ಲಿ ಯಾಕೆ ಜಗಳ ತೆಗೆಯಬೇಕು? ನನಗೆ ತುಂಬಾ ಕಾಡಿದ ಪ್ರಶ್ನೆ ಇದು. ಚರ್ಮದಲ್ಲಿ ಲ್ಯಾಂಗರ್‌ಹ್ಯಾನ್ಸ್ ಕೋಶಗಳೆಂಬ ಕಾವಲುಗಾರರಿದ್ದಾರೆ. ಒಡಕಿನಿಂದ ನುಗ್ಗಿದ ಆಹಾರದ ಚೂರನ್ನು ಹಿಡಿದು, ಹತ್ತಿರದ ದುಗ್ಧಗ್ರಂಥಿಗೆ (ರಕ್ಷಣಾ ಕೋಶಗಳು ಸೇರುವ ಪುಟ್ಟ ಗಂಟು) ಒಯ್ದು ಟಿ ಕೋಶಗಳಿಗೆ ತೋರಿಸುತ್ತಾರೆ. ಅಲ್ಲಿ ಪಾಠ ಕಲಿತ ಟಿ ಕೋಶದ ಮೇಲೆ ಚರ್ಮದ ವಿಳಾಸ ಬೀಳುತ್ತದೆ. ಮುಂದೆ ಅದೇ ಆಹಾರ ತಿಂದಾಗ ಅದು ಚರ್ಮಕ್ಕೇ ಬಂದು ಇಂಟರ್‌ಲ್ಯೂಕಿನ್-4, 13 ಎಂಬ ಉರಿಯೂತದ ಸಂದೇಶ ರಾಸಾಯನಿಕಗಳನ್ನು ಸುರಿಸುತ್ತದೆ. ಚರ್ಮ ಇನ್ನಷ್ಟು ಸಡಿಲವಾಗುತ್ತದೆ. ಬಾಯಿಂದ ಕರುಳಿಗೆ ಮೊದಲು ಹೋದ ಆಹಾರವನ್ನು ದೇಹ ಸಾಮಾನ್ಯವಾಗಿ ನೆಂಟನಂತೆ ಒಪ್ಪಿಕೊಳ್ಳುತ್ತದೆ. ಚರ್ಮದಿಂದ ಹೊಕ್ಕರೆ ಅಲರ್ಜಿ, ಬಾಯಿಂದ ಹೋದರೆ ಒಪ್ಪಿಗೆ: ಲಂಡನ್ನಿನ ಮಕ್ಕಳ ಅಲರ್ಜಿ ತಜ್ಞ ಗಿಡಿಯನ್ ಲ್ಯಾಕ್ 2008ರಲ್ಲಿ ಮುಂದಿಟ್ಟ ವಾದ ಇದು. 2015ರಲ್ಲಿ ಅವರ ತಂಡ, ಜೋರು ಇಸಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ 640 ಕೂಸುಗಳ ಅಧ್ಯಯನ ಪ್ರಕಟಿಸಿತು. ಐದು ವರ್ಷವಾಗುವಾಗ ಶೇಂಗಾ ದೂರವಿಟ್ಟವರಲ್ಲಿ ನೂರಕ್ಕೆ 17 ಮಕ್ಕಳಿಗೆ ಶೇಂಗಾ ಅಲರ್ಜಿ. ತಿಂದವರಲ್ಲಿ ನೂರಕ್ಕೆ ಸುಮಾರು ಮೂವರಿಗೆ.

ಇದನ್ನು ಓದಿ ಯಾರೂ ಸುಮ್ನೆ ಮನೆಯಲ್ಲೇ ಪ್ರಯೋಗ ಮಾಡಬೇಡಿ. ಇಸಬು ಜೋರಿದ್ದ ಮಗುವಿಗೆ ಹೊಸ ಆಹಾರ ಕೊಡುವ ಮುಂಚೆ ಡಾಕ್ಟರಿಗೆ ತೋರಿಸಿ. ಬಹಳ ದಿನ ಬಿಡಿಸಿದ ಹಾಲನ್ನು ತಟ್ಟನೆ ಮತ್ತೆ ಕೊಟ್ಟು ಉಸಿರಿಗೇ ತೊಂದರೆಯಾಗುವುದುಂಟು. ಆದರೆ ಬಾಯಿ ಕಟ್ಟುವ ಮೊದಲು ಚರ್ಮ ನೋಡಿ, ಅಲ್ವಾ?

ನಾವೀಗ ಹಂಡೆಯ ಬಿಸಿನೀರಿಗೆ ತಣ್ಣೀರು ಬೆರೆಸಿ, ಉಗುರುಬೆಚ್ಚಗೆ ಮಾಡಿ ಮೀಯಿಸುತ್ತೇವೆ. ಒರೆಸಿದ ತಕ್ಷಣ ವಾಸನೆ ಇಲ್ಲದ ಮುಲಾಮು. ತಿನ್ನುವ ಯಾವುದನ್ನೂ ಹಚ್ಚುವುದಿಲ್ಲ. ತಂಗಿ ಡಾಕ್ಟರನ್ನು ಕೇಳಿಯೇ ಮೊಸರನ್ನ ಉಣ್ಣುತ್ತಿದ್ದಾಳೆ.