ಎಲೆಗೆ ಎರಡನೇ ಪಟ್ಟಿ ಯಾಕೆ ಬೇಕು?

ಮೊನ್ನೆ ಮಗಳ ವಿಜ್ಞಾನದ ರೆಕಾರ್ಡ್ ಪುಸ್ತಕ ತಿರುವಿ ಹಾಕುತ್ತಿದ್ದೆ. ಎಲೆ ಪಿಷ್ಟ ಮಾಡಲು ಬೆಳಕು ಬೇಕು ಅಂತ ತೋರಿಸಲು ಎಲೆಗೆ ಕಪ್ಪು ಕಾಗದ ಸುತ್ತಿ ಮಾಡುವ ಪ್ರಯೋಗ, ನಾವೆಲ್ಲ ಓದಿದ್ದೇ. ಪಿಷ್ಟ ಇರುವ ಕಡೆ ಅಯೋಡಿನ್ ಹಾಕಿದರೆ ನೀಲಿಗಪ್ಪು ಬಣ್ಣ ಬರುತ್ತದೆ. 'ವೀಕ್ಷಣೆ' ಅನ್ನುವ ಕಡೆ ಮುದ್ದಾದ ಅಕ್ಷರದಲ್ಲಿ ಬರೆದಿದ್ದಳು: ಕಾಗದ ಮುಚ್ಚಿದ ಭಾಗ ನೀಲಿಗಪ್ಪು ಆಗಲಿಲ್ಲ.

"ನೀನೇ ನೋಡಿದ್ಯಾ?" ಅಂದೆ.

"ಇಲ್ಲಪ್ಪ, ನಮ್ದು ಪೂರ್ತಿ ಎಲೆ ಕಪ್ಪಾಯ್ತು. ಆದ್ರೂ ಪುಸ್ತಕದಲ್ಲಿ ಇರೋ ಹಾಗೇ ಬರೀಬೇಕಂತೆ."

ನನಗೆ ನಿಜಕ್ಕೂ ಸಂಕಟವಾಯಿತು. ಆ ಎಲೆ ತಪ್ಪು ಮಾಡಿರಲಿಲ್ಲ. ಪ್ರಯೋಗಕ್ಕೆ ಮೊದಲು ಗಿಡವನ್ನು ಒಂದೆರಡು ದಿನ ಕತ್ತಲಲ್ಲಿ ಇಡಬೇಕು. ಎಲೆಯಲ್ಲಿ ಕೂಡಿಟ್ಟ ಪಿಷ್ಟ ಆಗ ಖರ್ಚಾಗುತ್ತದೆ. ಇದನ್ನು ಬಿಟ್ಟರೆ ಕಾಗದದ ಅಡಿಯಲ್ಲಿ ಹಳೇ ಪಿಷ್ಟ ಹಾಗೇ ಉಳಿದಿರುತ್ತದೆ. ಅದು ಹಳೇದೋ ಹೊಸದೋ ಅಯೋಡಿನ್‌ಗೆ ಗೊತ್ತಾಗುವುದಿಲ್ಲ ಅಲ್ವಾ? ಮಕ್ಕಳ ಕೈಯಲ್ಲಿ ಒಳ್ಳೆಯ ಪ್ರಶ್ನೆಯೊಂದು ಇತ್ತು. ಅದನ್ನು ಅಳಿಸಿ ಉತ್ತರ ಬರೆಸಿಬಿಟ್ಟರು.

ಸರಿ, ಮನೆಯಲ್ಲೇ ಮತ್ತೆ ಮಾಡೋಣ ಅಂದುಕೊಂಡೆವು. ಕುಂಡದ ದಾಸವಾಳವನ್ನು ಎರಡು ದಿನ ಕತ್ತಲ ಕೋಣೆಯಲ್ಲಿ ಇಟ್ಟೆವು. ಒಂದು ಎಲೆ ಕಿತ್ತು ಪರೀಕ್ಷಿಸಿ, ಪಿಷ್ಟ ಇಲ್ಲ ಅಂತ ಖಾತ್ರಿ ಮಾಡಿಕೊಂಡೆವು. ಕಪ್ಪು ಕಾಗದ ಸಿಕ್ಕಿಸುವಾಗ ಮಗಳು ಕೇಳಿದಳು: "ಅಪ್ಪ, ಈ ಕಾಗದ ಬೆಳಕಿನ ಜೊತೆ ಗಾಳೀನೂ ತಡೆಯುತ್ತಲ್ವಾ? ಎಲೆ ಪಿಷ್ಟ ಮಾಡದೇ ಇದ್ರೆ ಅದು ಕತ್ತಲೆಯಿಂದ ಅಂತ ಹೇಗೆ ಹೇಳೋದು?"

ಇಷ್ಟು ವರ್ಷದಲ್ಲಿ ನನಗೆ ಹೊಳೆಯದ ಮಾತು ಅದು. ಪಿಷ್ಟ ಮಾಡಲು ಎಲೆಗೆ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಕೂಡ ಬೇಕಲ್ಲ. ಪಕ್ಕದ ಎಲೆಗೆ ಅದೇ ಅಳತೆಯ ಪಾರದರ್ಶಕ ಪ್ಲಾಸ್ಟಿಕ್ ಪಟ್ಟಿಯನ್ನು, ಅಷ್ಟೇ ಸಡಿಲವಾಗಿ, ಅದೇ ಥರದ ಕ್ಲಿಪ್ ಹಾಕಿ ಸಿಕ್ಕಿಸಿದೆವು. ಗಾಳಿಗೆ ಅಡ್ಡ ಇದೆ, ಬೆಳಕಿಗೆ ಇಲ್ಲ. ಪಠ್ಯಪುಸ್ತಕ 'ನಿಯಂತ್ರಣ ವ್ಯವಸ್ಥೆ' ಅನ್ನುವುದು ಇದನ್ನೇ, ಈ ಎರಡನೇ ಪಟ್ಟಿಯನ್ನೇ. ವ್ಯಾಖ್ಯೆ ಉರು ಹೊಡೆದ ಮಕ್ಕಳಿಗೆ ಪರೀಕ್ಷೆಯಲ್ಲಿ ಅಂಕ ಬರುತ್ತದೆ, ಆದರೆ ಆ ಪಟ್ಟಿ ಯಾಕೆ ಬೇಕು ಅಂತ ತಿಳಿದಿರುವುದಿಲ್ಲ. ನನ್ನ ವಾದ ಇಷ್ಟೇ: ಮೊದಲು ಕೈಯಲ್ಲಿ ಮಾಡಿಸಿ, ಅದರ ಹೆಸರು ಆಮೇಲೆ ಹೇಳಿ. ನಾವು ಬೇಕೆಂದೇ ಬದಲಿಸಿದ್ದು ಬೆಳಕು, ಅದು ಸ್ವತಂತ್ರ ಚರ. ಏನಾಯಿತು ಅಂತ ಕಾದು ನೋಡಿದ್ದು ಎಲೆಯ ಬಣ್ಣ, ಅದು ಅವಲಂಬಿತ ಚರ. ಎರಡೂ ಎಲೆಗೆ ಒಂದೇ ಆಗಿರಲಿ ಅಂತ ನೋಡಿಕೊಂಡ ಗಿಡ, ಸಮಯ, ಪಟ್ಟಿಯ ಅಳತೆ, ಇವು ಸ್ಥಿರವಾಗಿಟ್ಟ ಅಂಶಗಳು. ಇಷ್ಟು ಹೇಳಲು ಐದು ನಿಮಿಷವೂ ಬೇಕಾಗಲಿಲ್ಲ.

ಈ ಗಾಳಿಯ ವಿಷಯದಲ್ಲಿ ದೊಡ್ಡವರೇ ಎಡವಿದ್ದಾರೆ. ಹದಿನೇಳನೇ ಶತಮಾನದ ವಿಜ್ಞಾನಿ ವಾನ್ ಹೆಲ್ಮಾಂಟ್ 200 ಪೌಂಡ್ ಒಣಮಣ್ಣಿನಲ್ಲಿ 5 ಪೌಂಡಿನ ವಿಲ್ಲೋ ಸಸಿ ನೆಟ್ಟು, 5 ವರ್ಷ ಬರೀ ನೀರು ಹಾಕಿದ. ಮರ 169 ಪೌಂಡ್ ದಾಟಿತು, ಮಣ್ಣು ಸುಮಾರು 2 ಔನ್ಸ್ ಮಾತ್ರ ಕಡಿಮೆಯಾಗಿತ್ತು. ಮರ ಆಗಿದ್ದು ನೀರಿನಿಂದಲೇ ಅಂತ ಅವನು ತೀರ್ಮಾನಿಸಿದ. ಇದು ಅಚ್ಚಾಗಿದ್ದು 1648ರಲ್ಲಿ, ಅವನು ತೀರಿಕೊಂಡ ಮೇಲೆ. ಅವನು ತೂಗಿದ್ದು ಸರಿ. ಲೆಕ್ಕಕ್ಕೆ ಬಾರದೇ ಹೋಗಿದ್ದು ಗಾಳಿ.

ಮೊಳಕೆ ಬೀಜ ಉಸಿರಾಡುವಾಗ ಶಾಖ ಬರುತ್ತದೆ ಅಂತ ತೋರಿಸುವ ಪ್ರಯೋಗದಲ್ಲೂ ಇಂಥದ್ದೇ ಒಂದು ಸೂಕ್ಷ್ಮ ಇದೆ. ಒಂದು ಫ್ಲಾಸ್ಕಿಗೆ ಮೊಳಕೆ ಬೀಜ, ಹೋಲಿಸಿ ನೋಡಲು ಎರಡನೇ ಫ್ಲಾಸ್ಕಿಗೆ ಬೇಯಿಸಿದ ಬೀಜ ಹಾಕುತ್ತೇವೆ. ಸುಮ್ನೆ ಬೇಯಿಸಿ ಹಾಕಿದರೆ ಕೆಲವು ದಿನದಲ್ಲಿ ಅದೂ ಬೆಚ್ಚಗಾಗಬಹುದು. ಬೀಜ ಸತ್ತಿದ್ದರೂ ಅದರ ಮೇಲೆ ಸೂಕ್ಷ್ಮಜೀವಿಗಳು ಬೆಳೆದು ಉಸಿರಾಡುತ್ತವೆ. ಅದಕ್ಕೇ ಕ್ರಿಮಿನಾಶಕ ದ್ರಾವಣದಲ್ಲಿ ತೊಳೆದು ಹಾಕಬೇಕು. 'ತೊಳೆಯಿರಿ' ಅಂತ ಒಂದು ಸಾಲು ಬರೆಸಿದರೆ ಸಾಲದು, ಕಾರಣ ಹೇಳಬೇಕು.

ಇಡೀ ದಿನ ಬಿಸಿಲಿನಲ್ಲಿಟ್ಟು ಸಂಜೆ ಎರಡೂ ಎಲೆ ಕಿತ್ತೆವು. ಮೊದಲು ಕುದಿಯುವ ನೀರಿಗೆ. ಆಮೇಲೆ ಒಲೆ ಪೂರ್ತಿ ಆರಿಸಿ, ಬಿಸಿನೀರಿನ ಪಾತ್ರೆಯೊಳಗೆ ಸ್ಪಿರಿಟ್ ಇದ್ದ ಲೋಟ ಇಟ್ಟೆ. ಸ್ಪಿರಿಟ್ ಹತ್ತಿರ ಬೆಂಕಿ ಇರಲೇಬಾರದು, ಇದರಲ್ಲಿ ರಾಜಿ ಇಲ್ಲ. ನೋಡನೋಡುತ್ತಾ ಸ್ಪಿರಿಟ್ ಹಸಿರಾಯಿತು, ಎಲೆ ಬಿಳಿಚಿಕೊಂಡಿತು. ಹೊರಗೆ ತೆಗೆದರೆ ಮುಟ್ಟಿದಲ್ಲಿ ಮುರಿಯುವಷ್ಟು ಗರಿಗರಿ. ಬಿಸಿನೀರಿಗೆ ಅದ್ದಿದ ಮೇಲೆ ಮೆತ್ತಗಾಗಿ ತಟ್ಟೆಯ ಮೇಲೆ ಹರಡಿಕೊಂಡಿತು. ಅಯೋಡಿನ್ ಹನಿ ಬಿದ್ದ ಮೇಲೆ ಇಬ್ಬರೂ ಮಾತಾಡಲಿಲ್ಲ.

ಕಪ್ಪು ಕಾಗದದ ಜಾಗ ಅಯೋಡಿನ್‌ನ ಕಂದು ಬಣ್ಣದಲ್ಲೇ ಉಳಿಯಿತು. ಪ್ಲಾಸ್ಟಿಕ್ ಪಟ್ಟಿಯ ಜಾಗ ನೀಲಿಗಪ್ಪು ಆಯಿತು, ಆದರೆ ಸುತ್ತಲಿನ ಭಾಗದಷ್ಟು ಗಾಢ ಅಲ್ಲ.

"ಪ್ಲಾಸ್ಟಿಕ್‌ನಿಂದ ಗಾಳಿ ಸ್ವಲ್ಪ ಕಮ್ಮಿ ಆಯ್ತೇನೋ? ಅಂತ ಬರೀಲಾ?"

"ಅದು ನಿನ್ನ ಊಹೆ. ಕಣ್ಣಿಗೆ ಕಂಡಿದ್ದನ್ನು ಮೊದಲು ಬರಿ" ಅಂದೆ.

ರೆಕಾರ್ಡ್ ಪುಸ್ತಕದ ಖಾಲಿ ಹಾಳೆಯಲ್ಲಿ ಬರೆದಳು: 'ಪ್ಲಾಸ್ಟಿಕ್ ಪಟ್ಟಿಯ ಕೆಳಗೆ ಬಣ್ಣ ಸ್ವಲ್ಪ ತೆಳು. ಇನ್ನೂ ಮೂರು ಎಲೆ ನೋಡಬೇಕು.'