ಸೇವ್ ಮಾಡಿದೀನಿ ಸಾರ್, ಕಂಪ್ಯೂಟರ್‌ನಲ್ಲೇ!

ಮಾರ್ಕ್ ಪ್ರೆನ್‌ಸ್ಕಿ ಎಂಬ ಅಮೆರಿಕದ ಲೇಖಕ 2001ರಲ್ಲಿ ಕಂಪ್ಯೂಟರ್ ಕಾಲದಲ್ಲೇ ಹುಟ್ಟಿ ಬೆಳೆದ ಮಕ್ಕಳಿಗೆ ‘ಡಿಜಿಟಲ್ ನೇಟಿವ್ಸ್’ ಎಂದು ನಾಮಕರಣ ಮಾಡಿದ. ಹುಡುಗರಿಗೆ ಎಲ್ಲಾ ಗೊತ್ತು, ಗೊತ್ತಿಲ್ಲದಿರೋದು ಮೇಷ್ಟ್ರಿಗೇ ಎಂಬ ಭ್ರಮೆ ಆಗ ಗಟ್ಟಿಯಾಯಿತು. ಎಂಟನೇ ಕ್ಲಾಸನ್ನು ಕಂಪ್ಯೂಟರ್ ಲ್ಯಾಬಿಗೆ ಕರೆದುಕೊಂಡು ಹೋದರೆ ಆ ಭ್ರಮೆ ಇಳಿಯುತ್ತದೆ. ಮೊದಲ ಸಾಲಿನವನು ಆಗಲೇ ಮಾನಿಟರನ್ನು ಬೆರಳಿನಿಂದ ಉಜ್ಜುತ್ತಿರುತ್ತಾನೆ.

“ಫೈಲ್ ಸೇವ್ ಮಾಡಿದ್ಯೇನೋ?”

“ಮಾಡಿದೀನಿ ಸಾರ್.”

“ಎಲ್ಲಿ?”

“ಕಂಪ್ಯೂಟರ್‌ನಲ್ಲೇ ಸಾರ್.”

ಅವನದೇನೂ ತಪ್ಪಿಲ್ಲ. ಫೋನಿನಲ್ಲಿ ಫೋಟೊ ತಾನಾಗಿಯೇ ಗ್ಯಾಲರಿಗೆ ಹೋಗಿ ಕೂರುತ್ತದೆ. ಫೋಲ್ಡರಿನ ಗೊಡವೆಯೇ ಅವನಿಗೆ ಬಂದಿಲ್ಲ. ಆದ್ದರಿಂದ ಮೊದಲ ಪೀರಿಯಡ್‌ನಲ್ಲಿ ಕಂಪ್ಯೂಟರ್ ಮುಟ್ಟಿಸಬೇಡಿ. ಸ್ಟಾಫ್‌ರೂಮಿನ ಬೀರು ತೆರೆದು ತೋರಿಸಿ: ಬೀರುವಿನಲ್ಲಿ ಅರೆ, ಅರೆಯಲ್ಲಿ ಫೈಲು, ಫೈಲಿನಲ್ಲಿ ಹಾಳೆ. ಆಮೇಲೆ ಡೆಸ್ಕ್‌ಟಾಪ್ ಮೇಲೆ ತರಗತಿ, ಸೆಕ್ಷನ್, ರೋಲ್ ನಂಬರ್ ಹಾಕಿ ಒಬ್ಬೊಬ್ಬರಿಗೊಂದು ಫೋಲ್ಡರ್. ಇಲ್ಲದಿದ್ದರೆ ಇಡೀ ತರಗತಿಯ ಪ್ರಾಜೆಕ್ಟನ್ನೆಲ್ಲ ‘ಅನ್‌ಟೈಟಲ್ಡ್’ ಎಂಬ ಒಂದೇ ಮಗು ಮಾಡಿರುತ್ತದೆ.

ಮೇಷ್ಟ್ರ ಪರದಾಟ ಪ್ರೊಜೆಕ್ಟರಿನ ಹತ್ತಿರ. ಲ್ಯಾಪ್‌ಟಾಪಿನಲ್ಲಿ ಪಾಠ, ಗೋಡೆಯ ಮೇಲೆ ಬರೀ ಹಸಿರು ಗುಡ್ಡದ ವಾಲ್‌ಪೇಪರ್. ಹುಡುಗರು ಒಕ್ಕೊರಲಿನಿಂದ “ಕೇಬಲ್ ಲೂಸ್ ಸಾರ್” ಎನ್ನುತ್ತಾರೆ. ಕೇಬಲ್ ಸರಿಯಾಗೇ ಇದೆ. ಪರದೆ ‘ಎಕ್ಸ್‌ಟೆಂಡ್’ನಲ್ಲಿದೆ, ಅಂದರೆ ಗೋಡೆ ಬೇರೆಯೇ ಒಂದು ಪರದೆ; ವಿಂಡೋಸ್ ಕೀ ಜೊತೆ ಪಿ ಒತ್ತಿ, ಎರಡು ಕಡೆಯೂ ಒಂದನ್ನೇ ತೋರಿಸುವ ‘ಡೂಪ್ಲಿಕೇಟ್’ ಆರಿಸಿ. ಗುಡ್ಡ ಹೋಗಿ ಪಾಠ ಬಂತು, ಆದರೆ ಕನ್ನಡದ ಜಾಗದಲ್ಲಿ ಮೇಲೊಂದು ಕೆಳಗೊಂದು ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ! ಮನೆಯಲ್ಲಿ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು, ಶಾಲೆಯ ಯಂತ್ರದಲ್ಲಿ ಆ ಫಾಂಟಿಲ್ಲ. ಎಲ್ಲ ಯಂತ್ರಕ್ಕೂ ಅರ್ಥವಾಗುವ ಯುನಿಕೋಡ್‌ನಲ್ಲೇ ಟೈಪ್ ಮಾಡಿ. ಹಳೆಯ ಫಾಂಟಿನಲ್ಲೇ ಮಾಡಿಯಾಗಿದ್ದರೆ ಮನೆಯಿಂದ ಹೊರಡುವ ಮುಂಚೆ ಪಿಡಿಎಫ್ ಮಾಡಿಕೊಳ್ಳಿ.

ದ್ಯುತಿಸಂಶ್ಲೇಷಣೆಯ ವಿಡಿಯೊ ನಡುವೆ ರಮ್ಮಿ ಆಟದ ಜಾಹೀರಾತು ಬಂದರೆ ಮಕ್ಕಳಿಗೆ ನೆನಪಿರುವುದು ರಮ್ಮಿಯೇ. ಕೇಂದ್ರ ಸರ್ಕಾರದ ಶಾಲಾ ಪಾಠಗಳ ದೀಕ್ಷಾ ಆ್ಯಪಿನಲ್ಲಿ ಸಿಗುವುದನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ಮೂರು ನಿಮಿಷ ತೋರಿಸಿ, ನಿಲ್ಲಿಸಿ, ಒಂದು ಪ್ರಶ್ನೆ ಕೇಳಿ. ಇಪ್ಪತ್ತು ನಿಮಿಷ ಬಿಟ್ಟರೆ ಕತ್ತಲಲ್ಲಿ ಹಿಂದಿನ ಬೆಂಚು ನಿದ್ದೆ ಹೊಡೆಯುತ್ತದೆ.

ಮನೆಗೆಲಸಕ್ಕೆ ‘ಜಲ ಸಂರಕ್ಷಣೆ’ ಎಂದು ಪ್ರಬಂಧ ಕೊಟ್ಟು ನೋಡಿ. “ಖಂಡಿತ! ನಿಮ್ಮ ಪ್ರಬಂಧ ಇಲ್ಲಿದೆ” ಎಂಬ ಮೊದಲ ಸಾಲಿನ ಸಮೇತ ನೋಟ್‌ಬುಕ್ಕಿಗೆ ಇಳಿದಿರುತ್ತದೆ, ಅದೂ ದುಂಡಕ್ಷರದಲ್ಲಿ. ಚಾಟ್‌ಬಾಟ್ ಬರೆದುಕೊಟ್ಟಿದ್ದು ಅದು; ಅದನ್ನು ಬೈದು ಪ್ರಯೋಜನವಿಲ್ಲ, ಪ್ರಶ್ನೆ ಬದಲಿಸಬೇಕು: ನಿಮ್ಮ ಬೀದಿಯ ಚರಂಡಿ ನೀರು ಕೊನೆಗೆ ಎಲ್ಲಿ ಸೇರುತ್ತದೆ? ನಡೆದು ನೋಡಿ ನಕ್ಷೆ ಬರೆಯಿರಿ. ತಂದವನಿಗೆ ಬಾಯಿಮಾತಿನಲ್ಲಿ ಎರಡು ಪ್ರಶ್ನೆ.

ಮಕ್ಕಳು ಶಾಲೆಗೆ ಫೋನ್ ತರುವಂತಿಲ್ಲ, ಕ್ವಿಜ್ ಹೇಗೆ? ಪ್ಲಿಕರ್ಸ್ ಎಂಬ ಕ್ವಿಜ್ ಆ್ಯಪಿನ ಕಾರ್ಡುಗಳನ್ನು ಪ್ರಿಂಟ್ ತೆಗೆಸಿ. ಕಾರ್ಡಿನ ನಾಲ್ಕು ಬದಿಗೆ ನಾಲ್ಕು ಉತ್ತರ. ಬೇಕಾದ್ದನ್ನು ಮೇಲೆ ಮಾಡಿ ಹಿಡಿದರೆ ಮೇಷ್ಟ್ರ ಫೋನಿನ ಕ್ಯಾಮೆರಾ ಓದಿಕೊಳ್ಳುತ್ತದೆ. ಒಬ್ಬೊಬ್ಬರ ಕಾರ್ಡಿನ ಚಿತ್ತಾರವೂ ಬೇರೆ, ಪಕ್ಕದವನದ್ದು ಕದ್ದು ನೋಡಿ ದಕ್ಕುವುದಿಲ್ಲ. ಕಪ್ಪು ಭಾಗದ ಮೇಲೆ ಹೆಬ್ಬೆರಳಿಟ್ಟರೆ ಮಾತ್ರ ಓದಲಾರದು. ಹರಿಯದಿರಲಿ ಎಂದು ಲ್ಯಾಮಿನೇಷನ್ ಮಾಡಿಸಿದಿರೋ, ಕಿಟಕಿಯ ಬೆಳಕು ಹೊಳೆದು ಕ್ಯಾಮೆರಾ ತಡವರಿಸುತ್ತದೆ. ದಪ್ಪ ಡ್ರಾಯಿಂಗ್ ಶೀಟಿಗೆ ಅಂಟಿಸಿದರೆ ಸಾಕು.