ಪೆನ್ಸಿಲ್ಲಿನಲ್ಲಿ ಕೊಲೆಗಾರನ ಹೆಸರು ಬರೆದವನೇ, ಎಲ್ಲಿದ್ದೀಯ?

ಮಳೆಗಾಲದ ಒಂದು ರಾತ್ರಿ. ಶಿರಸಿಯ ಮನೆಯಲ್ಲಿ ಐದು ಜನ ಟಿವಿ ಮುಂದೆ ಉಸಿರು ಬಿಗಿ ಹಿಡಿದು ಕೂತಿದ್ದೆವು. ಥ್ರಿಲ್ಲರ್ ಸಿನಿಮಾ. ಅಷ್ಟೊತ್ತಿಗಾಗಲೇ ನಾಲ್ಕು ಹೆಣ ಬಿದ್ದಿದ್ದವು. ಇನ್ಸ್‌ಪೆಕ್ಟರ್ ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ, ಬೆರಳೆತ್ತಿ, "ಕೊಲೆ ಮಾಡಿದ್ದು ಬೇರೆ ಯಾರೂ ಅಲ್ಲ..." ಎಂದ. ಕರೆಂಟು ಹೋಯಿತು.

ಮಲೆನಾಡಿನ ಮಳೆಯಲ್ಲಿ ಹೋದ ಕರೆಂಟು ಹೇಳಿ ಕೇಳಿ ಬರುವುದಿಲ್ಲ. ಅದರ ಬೆನ್ನಿಗೇ ಮೊಬೈಲ್ ನೆಟ್‌ವರ್ಕೂ ಹೊರಟಿತು. ಅಳಿಯ ಕತ್ತಲಲ್ಲೇ ಕೈ ಕೈ ಹಿಸುಕಿಕೊಂಡ. ಅತ್ತೆ ಅಡುಗೆಯವನ ಮೇಲೆ ಅನುಮಾನ ಪಟ್ಟರು. ಅತ್ತೆಗೆ ಯಾವ ಸಿನಿಮಾ ನೋಡಿದರೂ ಅಡುಗೆಯವನ ಮೇಲೇ ಅನುಮಾನ. ಮಾವ ಮಾತ್ರ ತಣ್ಣಗೆ ಕವಳದ ತಟ್ಟೆ ಎಳೆದುಕೊಂಡರು.

"ತಮಾ, ಎರಡು ತಾಸಿನ ಕಥೆಗೆ ಇಷ್ಟು ಒದ್ದಾಟವಾ? ಅಂಕೋಲೆ ರೈಲಿನ ಕಥೆ ಎಂತ ಆತು ಹೇಳಿ ಆನು ಕಾಯ್ತಾ ಕೂತು ಕಾಲು ಶತಮಾನ ಆತು."

ಮಾವ ಹೇಳಿದ್ದು ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗದ ವಿಷಯ. ಮಂಜೂರಾಗಿದ್ದು 1990ರ ದಶಕದ ಕೊನೆಯಲ್ಲಿ. ಉದ್ದ ಸುಮಾರು 165 ಕಿಲೋಮೀಟರ್. ಕಲಘಟಗಿ, ಯಲ್ಲಾಪುರ ದಾಟಿ, ಘಟ್ಟ ಇಳಿದು, ಸಮುದ್ರ ಸೇರಬೇಕಾದ ರೈಲು ಅದು. ಇದುವರೆಗೆ ಸಮುದ್ರ ಸೇರಿದ್ದು ಗಂಗಾವಳಿ ಹೊಳೆ ಒಂದೇ.

ಲಂಡನ್ನಿನಲ್ಲಿ ಅಗಾಥಾ ಕ್ರಿಸ್ಟಿಯ 'ದಿ ಮೌಸ್‌ಟ್ರ್ಯಾಪ್' ಎಂಬ ಕೊಲೆ ನಾಟಕ 1952ರಿಂದ ನಡೆಯುತ್ತಿದೆ. ಕೊರೋನಾ ಕಾಲದಲ್ಲಿ ಬಾಗಿಲು ಹಾಕಿದ್ದು ಬಿಟ್ಟರೆ ಅದಕ್ಕೆ ದಣಿವೇ ಇಲ್ಲ. ನಾಟಕ ಮುಗಿದ ಮೇಲೆ ನಟರೇ ಪ್ರೇಕ್ಷಕರಿಗೆ ಕೈ ಮುಗಿಯುತ್ತಾರೆ: ಕೊನೆ ಏನೆಂದು ಹೊರಗೆ ಯಾರಿಗೂ ಹೇಳಬೇಡಿ. ಪಾಪ, ಅವರಿಗೆ ಎಷ್ಟು ಕಷ್ಟ. ನಮ್ಮ ರೈಲಿಗೆ ಆ ಚಿಂತೆಯೇ ಇಲ್ಲ. ಕೊನೆ ಏನೆಂದು ಆಡುವವರಿಗೂ ಗೊತ್ತಿಲ್ಲ, ನೋಡುವವರಿಗೂ ಗೊತ್ತಿಲ್ಲ.

ಪತ್ತೇದಾರಿ ಕಥೆಗೂ ಒಂದು ಧರ್ಮ ಇದೆ. ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ, ತಾನೂ ಪತ್ತೇದಾರಿ ಬರೆಯುತ್ತಿದ್ದವನು, 1929ರಲ್ಲಿ ಹತ್ತು ನಿಯಮ ಹಾಕಿಕೊಟ್ಟ. ಗುಪ್ತ ದಾರಿ ಒಂದಕ್ಕಿಂತ ಜಾಸ್ತಿ ಇರಬಾರದು. ಇದು ನಮಗೆ ಅನ್ವಯಿಸುವುದಿಲ್ಲ ಬಿಡಿ, ನಮ್ಮ ಘಟ್ಟದ ನಕಾಶೆಯಲ್ಲಿ ಬರೀ ಸುರಂಗವೇ. ಮೊದಲೇ ಸುಳಿವು ಕೊಡದೆ ಅವಳಿ ಜವಳಿಗಳನ್ನು ತರಬಾರದು ಎಂದೂ ಇದೆ. ಇಲ್ಲಿ ಒಂದು ಮಾರ್ಗ ಎಲ್ಲಿ ಹೋಯಿತು ಎಂದು ಹುಡುಕುತ್ತಾ ಹೊರಟರೆ ತಾಳಗುಪ್ಪ–ಹೊನ್ನಾವರ ಎಂಬ ತಮ್ಮ ಎದುರಾಗುತ್ತಾನೆ. ಅವನ ಬೆನ್ನಿಗೆ ತಾಳಗುಪ್ಪ–ಶಿರಸಿ–ಹುಬ್ಬಳ್ಳಿ ಎಂಬ ತಂಗಿ. ಎಲ್ಲರದ್ದೂ ಒಂದೇ ಮುಖ, ಎಲ್ಲರ ಕೈಯಲ್ಲೂ ಸರ್ವೆ ವರದಿ. ಶಿರಸಿಯ ನಾವು ಇವತ್ತಿಗೂ ರೈಲು ನೋಡಬೇಕೆಂದರೆ ಬಸ್ಸು ಹತ್ತಬೇಕು.

ಆದರೂ ಕಥೆ ಹೆಣೆಯುವ ಕೈ ಸಣ್ಣದಲ್ಲ. 2020ರ ಮಾರ್ಚ್ ತಿಂಗಳನ್ನೇ ನೋಡಿ. ರಾಜ್ಯದ ವನ್ಯಜೀವಿ ಮಂಡಳಿ ತಿಂಗಳ ಮೊದಲಲ್ಲಿ ಈ ಮಾರ್ಗ ಬೇಡ ಎಂದಿತು. ಅದೇ ತಿಂಗಳು ಮುಗಿಯುವುದರೊಳಗೆ ಸೈ ಎಂದಿತು. ಜೂನ್‌ನಲ್ಲಿ ಹೈಕೋರ್ಟಿನಿಂದ ತಡೆ ಬಂತು. ನಾಲ್ಕು ತಿಂಗಳಲ್ಲಿ ಮೂರು ತಿರುವು! ಮೂಲ ಉದ್ದೇಶವೂ ಅಷ್ಟೇ ಸೊಗಸು. ಬಳ್ಳಾರಿ, ಹೊಸಪೇಟೆ ಕಡೆಯ ಅದಿರು ಬಂದರಿಗೆ ಇಳಿಯಲಿ ಎನ್ನುವುದೇ ಆಗ ದೊಡ್ಡ ಕಾರಣ. ರೈಲು ಬರುವ ಮೊದಲೇ 2010ರಲ್ಲಿ ಸರ್ಕಾರ ಅದಿರು ರಫ್ತನ್ನೇ ನಿಲ್ಲಿಸಿತು. ಕೊಲೆ ಆಗುವ ಮೊದಲೇ ಕೊಲೆಯ ಕಾರಣ ಸತ್ತುಹೋದ ಕಥೆಯನ್ನು ಕ್ರಿಸ್ಟಿ ಕೂಡ ಬರೆದಿರಲಿಕ್ಕಿಲ್ಲ.

ಅದಿರು ಅಂದ ಕೂಡಲೇ ಬೇಲೆಕೇರಿ ನೆನಪಾಯಿತು. ಬಾಗಿಲು ಹಾಕಿದ ಕೋಣೆಯೊಳಗೆ ಕೊಲೆ ಆಗಿದೆ, ಕೊಲೆಗಾರ ಹೊರಗೆ ಹೋಗಿದ್ದು ಹೇಗೆ? ಪತ್ತೇದಾರಿ ಓದುವವರು ಇಂಥ ಕಥೆಗೆ ಪ್ರಾಣ ಬಿಡುತ್ತಾರೆ. ಅದೇ 2010ರಲ್ಲಿ ನಮ್ಮ ಬೇಲೆಕೇರಿ ಬಂದರಿನಲ್ಲಿ ಅಧಿಕಾರಿಗಳು ಜಪ್ತಿ ಮಾಡಿ ಇಟ್ಟಿದ್ದ ಲಕ್ಷಗಟ್ಟಲೆ ಟನ್ ಅದಿರು ಹಡಗು ಹತ್ತಿ ಹೋಯಿತು. ನಮ್ಮ ಅತ್ತೆ ಅಟ್ಟದ ಮೇಲಿಂದ ಒಂದು ಚೀಲ ಚಾಲಿ ಅಡಿಕೆ ಇಳಿಸಿ ಪೇಟೆಗೆ ಕಳಿಸಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಿರುತ್ತದೆ. ಅಲ್ಲಿ ಗುಡ್ಡಕ್ಕೆ ಗುಡ್ಡವೇ ಹೊರಟರೂ ನೋಡಿದವರಿಲ್ಲ.

ಥ್ರಿಲ್ಲರ್ ಬೇಜಾರಾದರೆ ಹಾರರ್ ಕೂಡ ಇದೆ. ಮೊದಲೆಲ್ಲ ಕೊಯ್ಲಿನ ರಾತ್ರಿ ಜಗಲಿಯಲ್ಲಿ ಮೆಟ್ಟುಗತ್ತಿ ಇಟ್ಟುಕೊಂಡು ಅಡಿಕೆ ಸುಲಿಯುತ್ತಾ ದೆವ್ವದ ಕಥೆ ಹೇಳುತ್ತಿದ್ದರು. ನಿದ್ದೆ ಬರಬಾರದಲ್ಲ! ಆ ಕಥೆಗಳ ಗುಟ್ಟು ಒಂದೇ. ಹೇಳುವವರು ದೆವ್ವ ನೋಡಿರುವುದಿಲ್ಲ. ನೋಡಿದವರನ್ನು ನೋಡಿರುತ್ತಾರೆ. ಈಗ ಅದೇ ಜಗಲಿಯಲ್ಲಿ ರೈಲಿನ ಮಾತು. ಯಲ್ಲಾಪುರದ ನೆಂಟರೊಬ್ಬರ ತೋಟದ ಆಚೆ ಬದಿಗೆ ಕಲ್ಲು ನೆಟ್ಟು ಹೋದರಂತೆ. ನೆಂಟರನ್ನು ಕೇಳಿದರೆ, "ನಮ್ಮಲ್ಲಲ್ಲ, ಪಕ್ಕದ ಊರಲ್ಲಿ." ಪಕ್ಕದ ಊರಿನವರನ್ನು ಕೇಳಿದರೆ ಇನ್ನೂ ಪಕ್ಕದ ಊರು. ಒಂದೇ ವ್ಯತ್ಯಾಸ ಏನೆಂದರೆ ದೆವ್ವ ಅಮಾವಾಸ್ಯೆಗೆ ಏಳುತ್ತದೆ, ಇದು ಚುನಾವಣೆಗೆ ಏಳುತ್ತದೆ.

ಇಷ್ಟು ಬರೆದದ್ದಕ್ಕೆ ನನ್ನನ್ನು ರೈಲಿನ ಕಡೆಯವನು ಅಂದುಕೊಳ್ಳಬೇಡಿ. ಕಾಡಿನ ಕಡೆಯವರು ಹೇಳುವುದರಲ್ಲಿ ಸತ್ಯ ಇದೆ. ಪಶ್ಚಿಮ ಘಟ್ಟದ ಮರ ಕಡಿದರೆ ನಾಳೆ ಹೊಸದು ತಂದು ನೆಡುವುದಕ್ಕೆ ಅದು ಬಸಳೆ ಬಳ್ಳಿಯಲ್ಲ. ಗುಡ್ಡ ಕೆದಕಿದರೆ ಏನಾಗುತ್ತದೆ ಎನ್ನುವುದನ್ನು ನಾವು ಶಿರೂರಿನಲ್ಲಿ 2024ರ ಜುಲೈನಲ್ಲಿ ಗುಡ್ಡ ಕುಸಿದಾಗ ನೋಡಿದ್ದೇವೆ, ಅದರಲ್ಲಿ ತಮಾಷೆ ಇಲ್ಲ. ರೈಲು ಬೇಕು ಎನ್ನುವವರ ಕಷ್ಟವೂ ಸುಳ್ಳಲ್ಲ. ನನ್ನ ತಕರಾರು ಬರೆಯುವವರ ಮೇಲೆ. ಬೇಡ ಎಂದಾದರೆ ಬೇಡ ಅನ್ನಿ. ಕೊಲೆಯೇ ಆಗಿಲ್ಲ ಎಂದು ಹೇಳಿ ಪುಸ್ತಕ ಮುಚ್ಚಿ. ಮಾಡುತ್ತೀರಾದರೆ ಹೇಗೆ ಎಂದು ಹೇಳಿ. ಕೊನೆ ಗೊತ್ತಿಲ್ಲದೆ ಪತ್ತೇದಾರಿ ಬರೆಯಲು ಕೂರುವುದು ಮೋಸ, ಅಲ್ವಾ? ನಮ್ಮ ಪಕ್ಕದಲ್ಲೇ ಕೊಂಕಣ ರೈಲು ಇದೆ. 1990ರಲ್ಲಿ ಶುರು, 1998ರ ಜನವರಿಯಲ್ಲಿ ಮುಕ್ತಾಯ. 740 ಕಿಲೋಮೀಟರ್, 90ಕ್ಕೂ ಜಾಸ್ತಿ ಸುರಂಗ. ಅದು ಮುಗಿಯುವ ಹೊತ್ತಿಗೆ ಇದು ಮೊದಲ ಅಧ್ಯಾಯ ತೆರೆಯಿತು. ಇನ್ನೂ ಅಲ್ಲೇ ಇದೆ.

ನಾನು ಹೈಸ್ಕೂಲಿನಲ್ಲಿದ್ದಾಗ ಪತ್ತೇದಾರಿ ಕಾದಂಬರಿಗಳು ದಿನದ ಬಾಡಿಗೆಗೆ ಸಿಗುತ್ತಿದ್ದವು. ಎನ್. ನರಸಿಂಹಯ್ಯನವರ ಹೆಸರು ಕಂಡರೆ ಕಣ್ಣು ಮುಚ್ಚಿ ತರುತ್ತಿದ್ದೆವು. ಒಬ್ಬರೇ ಐನೂರಕ್ಕೂ ಜಾಸ್ತಿ ಬರೆದರು. ಒಂದೊಂದಕ್ಕೂ ಕೊನೆ ಇತ್ತು. ನಮ್ಮ ಬಾಡಿಗೆ ಲೈಬ್ರರಿಗೆ ಒಬ್ಬ ಕಿಡಿಗೇಡಿ ಬರುತ್ತಿದ್ದ. ಅವನು ಯಾರೆಂದು ಇವತ್ತಿಗೂ ಪತ್ತೆಯಾಗಿಲ್ಲ. ಓದಿ ಮುಗಿಸಿದ ಪುಸ್ತಕದ ಮೊದಲ ಪುಟದಲ್ಲೇ ಪೆನ್ಸಿಲ್ಲಿನಲ್ಲಿ "ಕೊಂದದ್ದು ಅಳಿಯ" ಎಂದು ಬರೆದು ವಾಪಸ್ ಕೊಡುತ್ತಿದ್ದ. ಅವನ ಕೈ ಬಿದ್ದುಹೋಗಲಿ ಎಂದು ಎಷ್ಟು ಸಲ ಶಾಪ ಹಾಕಿದ್ದೇನೋ.

ಅಂದ ಹಾಗೆ ಆ ರಾತ್ರಿ ಕರೆಂಟು ಬಂದಿದ್ದು ಮೂರು ಗಂಟೆಗೆ. ಕೊಲೆಗಾರ ಅಡುಗೆಯವನೇ. ಅತ್ತೆಯ ಮುಖ ನೋಡಬೇಕಿತ್ತು.

ಆ ಪೆನ್ಸಿಲ್ಲಿನ ಮಾರಾಯ ಈಗ ಎಲ್ಲಿದ್ದಾನೋ. ಪರೀಕ್ಷೆ ಪಾಸಾಗಿ ಬೆಂಗಳೂರಲ್ಲೋ ದೆಹಲಿಯಲ್ಲೋ ಯಾವುದಾದರೂ ಕಚೇರಿಯಲ್ಲಿ ಕೂತಿದ್ದರೆ, ಈ ಫೈಲು ಒಂದಲ್ಲ ಒಂದು ದಿನ ಅವನ ಮೇಜಿಗೂ ಬಂದೇ ಬರುತ್ತದೆ. ಹಳೆಯ ಶಾಪವೆಲ್ಲ ವಾಪಸ್ ತಗೊಂಡಿದ್ದೇನೆ, ಮಾರಾಯ. ಮೊದಲ ಪುಟದಲ್ಲಿ ಒಂದೇ ಒಂದು ಸಾಲು ಬರೆದುಬಿಡು. ಪೆನ್ಸಿಲ್ ಆದರೂ ಅಡ್ಡಿಲ್ಲ.